ಹಾರ್ಮೋನ್ ಟೆಸ್ಟ್: ಊರಿನ ಲ್ಯಾಬಾ, ಪ್ಯಾಕೇಜಾ, ಸರ್ಕಾರಿ ಆಸ್ಪತ್ರೆನಾ, ಇಲ್ಲಾ ಸೀದಾ ಮೈಸೂರಾ?

ಮೊನ್ನೆ ಭಾನುವಾರ ಒಂದೇ ದಿನ ಮೂರು ಫೋನು. ಮೊದಲನೇದು ಕೊಡಗಿನ ಸುಂಟಿಕೊಪ್ಪದಿಂದ ನಮ್ಮ ಅತ್ತಿಗೆ, ತಲೆಗೆ ಕೈ ಹಾಕಿದ್ರೆ ಕೂದ್ಲು ಕೈಗೇ ಬರ್ತಿದೆ, ಬೆಳಿಗ್ಗೆ ಏಳಕ್ಕೇ ಆಗ್ತಿಲ್ಲ, ಥೈರಾಯ್ಡ್ ಇರಬಹುದಾ ನೋಡೇ ಅಂತ. ಎರಡನೇದು ಪೊನ್ನಂಪೇಟೆ ಕಡೆ ಮದುವೆಯಾಗಿ ಹೋದ ನನ್ನ ಕ್ಲಾಸ್‌ಮೇಟು, ಮಗಳಿಗೆ 17 ವರ್ಷ, ಮೂರು ತಿಂಗಳಿಂದ ಮುಟ್ಟಾಗಿಲ್ಲ, ಮುಖದ ತುಂಬ ಮೊಡವೆ, ಯಾರೋ ಪಿಸಿಓಡಿ (ಅಂಡಾಶಯದ ತೊಂದ್ರೆ) ಅಂದ್ರಂತೆ, ಸ್ಕ್ಯಾನ್ ಮಾಡಿಸ್ಬೇಕಾ ರಕ್ತ ಕೊಡ್ಬೇಕಾ ಗೊತ್ತಾಗ್ತಿಲ್ಲ ಅಂತ. ಮೂರನೇದು ಪಕ್ಕದ ಎಸ್ಟೇಟಿನ ರೈಟರ್ ಅಣ್ಣ, ಅಂದ್ರೆ ಆಳುಗಳ ಕೆಲ್ಸ, ಲೆಕ್ಕ ನೋಡ್ಕೊಳ್ಳೋರು. ಅವ್ರಿಗೆ ಸುಸ್ತು, ತೂಕ ಏರ್ತಿದೆ, ಫೋನಲ್ಲಿ ಯಾವ್ದೋ ಜಾಹೀರಾತು ಬಂದಿದೆ, 83 ಟೆಸ್ಟು 1,999 ರೂಪಾಯಿ, ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ, "ನೋಡಮ್ಮ, ಇಷ್ಟು ಕಮ್ಮಿಗೆ ಎಲ್ಲಾ ಸಿಗುವಾಗ ಒಂದೊಂದೇ ಯಾಕೆ ಮಾಡಿಸ್ಬೇಕು?"

ನಾನು ಡಾಕ್ಟರ್ ಅಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಒಂದು ಚಿಕ್ಕ ಲ್ಯಾಬಲ್ಲಿ 14 ವರ್ಷ ಬೆಳಿಗ್ಗೆ ಆರೂವರೆಗೆ ಶಟರ್ ಎತ್ತಿ ಜನರ ರಕ್ತ ತೆಗ್ದೋಳು, ನಂಗೂ ಥೈರಾಯ್ಡ್ ಇದೆ, ಈಗ ಕೆಲ್ಸ ಬಿಟ್ಟು ಮನೇಲಿದ್ದೀನಿ. ಡಾಕ್ಟ್ರಿಗೆ ಕಾಯಿಲೆ ಗೊತ್ತಿರುತ್ತೆ, ಆದ್ರೆ ಆ ರಿಪೋರ್ಟ್ ಕಾಗದದ ಮೇಲಿನ ನಂಬರು ಹೇಗೆ ಕೆಡುತ್ತೆ ಅನ್ನೋದು ಸೂಜಿ ಹಿಡಿದವರಿಗೆ ಸ್ವಲ್ಪ ಜಾಸ್ತಿ ಗೊತ್ತಿರುತ್ತೆ. ಮೂರೂ ಜನಕ್ಕೆ ಫೋನಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನ ಇಲ್ಲಿ ಒಟ್ಟಿಗೆ ಬರೀತಿದ್ದೀನಿ.

ಎಲ್ಲಿ ಮಾಡಿಸೋದು ಅನ್ನೋಕೆ ಮೊದ್ಲು

ಎಲ್ರೂ ಕೇಳೋ ಮೊದಲ ಪ್ರಶ್ನೆ ಎಷ್ಟಾಗುತ್ತೆ ಅಂತ. ನಾನಾದ್ರೆ ಅದನ್ನ ಕೊನೆಗೆ ಇಡ್ತೀನಿ. ಮೊದ್ಲು ಕೇಳ್ಕೋಬೇಕಾದ್ದು ನನ್ನ ತೊಂದ್ರೆ ಏನು, ಅದನ್ನ ಒಂದು ಸಾಲಲ್ಲಿ ಹೇಳಕ್ಕಾಗುತ್ತಾ ಅಂತ. "ಹಾರ್ಮೋನ್ ಏರುಪೇರು" ಅನ್ನೋದು ತೊಂದ್ರೆ ಅಲ್ಲ, ಅದೊಂದು ಚೀಲ, ಅದ್ರೊಳಗೆ ಥೈರಾಯ್ಡ್ ಇದೆ, ಅಂಡಾಶಯದ್ದಿದೆ, ತಲೆಯೊಳಗಿರೋ ಪಿಟ್ಯುಟರಿ ಗ್ರಂಥಿದಿದೆ, ಕಿಡ್ನಿ ಮೇಲೆ ಕೂತಿರೋ ಅಡ್ರಿನಲ್‌ದಿದೆ, ಇನ್ಸುಲಿನ್ನೂ ಹಾರ್ಮೋನೇ ಆದ್ರಿಂದ ಶುಗರ್ರೂ ಅದ್ರಲ್ಲೇ ಬರುತ್ತೆ. ಒಂದೊಂದಕ್ಕೂ ಟೆಸ್ಟ್ ಬೇರೆ.

ಆಮೇಲೆ ಹೊತ್ತು. ಇದನ್ನ ಯಾರೂ ಕೇಳಲ್ಲ, ನಂಗೆ ಇದೇ ಎಲ್ಲಕ್ಕಿಂತ ದೊಡ್ಡದು. ರಕ್ತದಲ್ಲಿ ಹಾರ್ಮೋನು ದಿನವಿಡೀ ಒಂದೇ ಥರ ಇರಲ್ಲ. ಅಡ್ರಿನಲ್‌ನಿಂದ ಬರೋ ಕಾರ್ಟಿಸಾಲ್ ಬೆಳಿಗ್ಗೆ ಏಳೆಂಟು ಗಂಟೆ ಹೊತ್ತಿಗೆ ಮೇಲಿರುತ್ತೆ, ಸಂಜೆ ಹೊತ್ತಿಗೆ ಇಳಿದಿರುತ್ತೆ. ಗಂಡಸರ ಟೆಸ್ಟೋಸ್ಟಿರೋನೂ ಹಾಗೇ. ಥೈರಾಯ್ಡ್ ನೋಡಕ್ಕೆ ಮಾಡೋ ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನಕ್ಕೆ ಇಳಿಯುತ್ತೆ. ಹೆಂಗಸರ ಅಂಡಾಶಯ ನಡೆಸೋ ಎಫ್‌ಎಸ್‌ಎಚ್, ಎಲ್‌ಎಚ್ ಅಂತೂ ತಿಂಗಳ ಯಾವ ದಿನ ಅನ್ನೋದ್ರ ಮೇಲೆ ಹೋಗುತ್ತೆ. ಹೊತ್ತು ತಪ್ಪಿ ತೆಗೆದ ರಕ್ತಕ್ಕೆ ಎಷ್ಟು ದೊಡ್ಡ ಮೆಷಿನ್ ಇದ್ರೂ ಪ್ರಯೋಜನ ಇಲ್ಲ.

ಮೂರನೇದು, ಮೆಷಿನ್ ಎಲ್ಲಿದೆ, ರಕ್ತ ಅಲ್ಲಿಗೆ ಹೇಗೆ ಹೋಗುತ್ತೆ. ಕೊಡಗಿನ ಎಷ್ಟೋ ಲ್ಯಾಬು ನಿಜಕ್ಕೂ ಕಲೆಕ್ಷನ್ ಸೆಂಟರು, ಬೋರ್ಡ್ ಲ್ಯಾಬ್ ಅಂತಿರುತ್ತೆ, ಹಾರ್ಮೋನ್ ಸ್ಯಾಂಪಲ್ಲು ಸಂಜೆ ಐಸ್ ಬಾಕ್ಸಲ್ಲಿ ಬೇರೆ ಊರಿಗೆ ಹೋಗುತ್ತೆ. ಅದ್ರಲ್ಲಿ ತಪ್ಪೇನಿಲ್ಲ, ಹಳದಿ ಮುಚ್ಚಳದ ಟ್ಯೂಬಲ್ಲಿ ರಕ್ತ ತಗೊಂಡು ಅರ್ಧ ಗಂಟೆ ಹೆಪ್ಪುಗಟ್ಟಕ್ಕೆ ಬಿಟ್ಟು, ಸೆಂಟ್ರಿಫ್ಯೂಜಲ್ಲಿ ಗಿರಗಿರ ತಿರುಗಿಸಿ ಮೇಲಿನ ತಿಳಿಯಾದ ಸೀರಮ್ ಬೇರೆ ಆದ್ಮೇಲೆ ತಣ್ಣಗಿಟ್ರೆ ಥೈರಾಯ್ಡ್ ಹಾರ್ಮೋನು ಅಷ್ಟು ಬೇಗ ಕೆಡಲ್ಲ. ಕೆಡೋದು ತಿರುಗಿಸ್ದೆ ಹಾಗೇ ಬ್ಯಾಗಲ್ಲಿಟ್ಕೊಂಡು ಅರ್ಧ ತಾಲೂಕು ಸುತ್ತಿದಾಗ. ಸಾದಾ ಟ್ಯೂಬಲ್ಲಿ ಹಾಗೇ ಬಿಟ್ರೆ ರಕ್ತಕಣಗಳು ಸಕ್ಕರೆ ತಿಂತಾನೇ ಇರ್ತಾವೆ, ಗಂಟೆಗೆ ನೂರಕ್ಕೆ ಐದಾರು ಪಾಲು ಶುಗರ್ ಇಳಿಯುತ್ತೆ, ಪೊಟ್ಯಾಸಿಯಂ ಸುಳ್ಳೇ ಏರುತ್ತೆ. ಶುಗರಿಗೆ ಬೂದು ಮುಚ್ಚಳದ ಟ್ಯೂಬ್ ಬೇರೆ ಇರೋದು ಅದಕ್ಕೇ.

ನಾಲ್ಕನೇದು ರಿಪೋರ್ಟನ್ನ ಯಾರು ಓದ್ತಾರೆ ಅನ್ನೋದು. ಓದೋರು ಗೊತ್ತಿಲ್ದೆ ಟೆಸ್ಟ್ ಮಾಡಿಸೋದು, ಕೊಳ್ಳೋರಿಲ್ದೆ ಕಾಳುಮೆಣಸು ಕುಯ್ದಂಗೆ.

ದುಡ್ಡು ಕೊನೇದು. ಅದ್ರಲ್ಲಿ ಟೆಸ್ಟಿನ ದುಡ್ಡು ಮಾತ್ರ ಅಲ್ಲ, ಒಂದು ದಿನದ ಕೆಲ್ಸ ಹೋಗೋದೂ ಸೇರುತ್ತೆ. ಡಿಸೆಂಬರ್ ಜನವರಿ ಕಾಫಿ ಕುಯ್ಲಲ್ಲಿ ಒಂದು ದಿನ ರಜ ಹಾಕೋದು ಅಂದ್ರೆ ಏನು ಅಂತ ಇಲ್ಲಿಯೋರಿಗೆ ಹೇಳ್ಬೇಕಾಗಿಲ್ಲ.

ಊರಿನ ಲ್ಯಾಬು

ಇದ್ರ ಲಾಭ ಹೊತ್ತು. ಏಳಕ್ಕೆ ಬಾಗ್ಲು ತಟ್ಟಿ ಏಳೂಕಾಲಕ್ಕೆ ರಕ್ತ ಕೊಟ್ಟು ತೋಟಕ್ಕೆ ಹೋಗ್ಬಹುದು. ಮುಟ್ಟಿನ ಎರಡನೇ ದಿನಾನೇ ಬೇಕು ಅಂದ್ರೆ ಆ ದಿನಾನೇ ಹೋಗ್ಬಹುದು, ಮುಂಚೆ ಬುಕ್ ಮಾಡ್ಬೇಕಾಗಿಲ್ಲ. ಬೇಕಾದ ಒಂದೋ ಎರಡೋ ಟೆಸ್ಟ್ ಮಾತ್ರ ಮಾಡಿಸ್ಬಹುದು. ನಾನು ಬಿಲ್ ಹಾಕ್ತಿದ್ದಾಗ ಬರೀ ಟಿಎಸ್‌ಎಚ್ ಅಂದ್ರೆ 250 ರೂಪಾಯಿ ಆಸುಪಾಸು, ಥೈರಾಯ್ಡಿನದೇ ಹಾರ್ಮೋನಾದ ಟಿ3 ಟಿ4 ಸೇರಿದ್ರೆ 400-500, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) 500 ಹತ್ರ. ಲ್ಯಾಬಿಂದ ಲ್ಯಾಬಿಗೆ ಬದಲಾಗುತ್ತೆ, ಕೇಳ್ಕೊಂಡೇ ಹೋಗಿ.

ಹೋದಾಗ ಎರಡು ಪ್ರಶ್ನೆ ಕೇಳಿ, ನಾಚ್ಕೋಬೇಡಿ. ಒಂದು, ಈ ಟೆಸ್ಟ್ ಇಲ್ಲೇ ಓಡಿಸ್ತೀರಾ ಕಳಿಸ್ತೀರಾ, ಕಳಿಸೋದಾದ್ರೆ ಆ ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ (ಲ್ಯಾಬಿನ ಗುಣಮಟ್ಟ ನೋಡಿ ಕೊಡೋದು) ಇದ್ಯಾ. ಎರಡು, ಮುಂದಿನ ಸಲಾನೂ ಅದೇ ಲ್ಯಾಬಿಗೇ ಕಳಿಸ್ತೀರಾ. ಯಾಕಂದ್ರೆ ಒಂದೇ ರಕ್ತವನ್ನ ಎರಡು ಕಂಪನಿ ಮೆಷಿನಲ್ಲಿ ಓಡಿಸಿದ್ರೆ ಹಾರ್ಮೋನಿನ ನಂಬರ್ ಸ್ವಲ್ಪ ಬೇರೆ ಬರುತ್ತೆ, ಟೆಸ್ಟೋಸ್ಟಿರೋನ್, ಪ್ರೊಲ್ಯಾಕ್ಟಿನಲ್ಲಿ ಇನ್ನೂ ಜಾಸ್ತಿ. ಹೋದ ಸಲ ಒಂದು ಕಡೆ ಈ ಸಲ ಇನ್ನೊಂದು ಕಡೆ ಮಾಡಿಸಿ "ಏರಿದೆ" ಅಂತ ಗಾಬರಿಯಾಗಿ ಬಂದೋರನ್ನ ಎಷ್ಟೋ ಜನ ನೋಡಿದ್ದೀನಿ.

ಕೊರತೆ ಏನಂದ್ರೆ, ಕೌಂಟರಲ್ಲಿ ಕೂತೋರು "ಹಾರ್ಮೋನ್ ಪ್ರೊಫೈಲ್ ಮಾಡಿಸ್ಬಿಡಿ" ಅಂತಾರೆ. ನಾನೂ ಅಂದಿದ್ದೀನಿ, ಸುಳ್ಳ್ಯಾಕೆ ಹೇಳ್ಲಿ. ಚೀಟಿ ಇಲ್ದೆ ಹೋದ್ರೆ ಅದು ಆಗೋದೇ.

ಮನೆಗೇ ಬರೋ ಪ್ಯಾಕೇಜು

ರೈಟರ್ ಅಣ್ಣನ 83 ಟೆಸ್ಟು. ಇದು ಮೋಸ ಅಂತ ನಾನು ಹೇಳಲ್ಲ, ಬೆಲೆ ನಿಜವಾಗ್ಲೂ ಕಮ್ಮಿ, ಶುಗರ್, ಕೊಲೆಸ್ಟ್ರಾಲ್, ಲಿವರ್, ಕಿಡ್ನಿ, ಥೈರಾಯ್ಡ್ ಬಿಡಿಬಿಡಿಯಾಗಿ ಮಾಡಿಸಿದ್ರೆ ಅದ್ಕಿಂತ ಜಾಸ್ತಿ ಆಗುತ್ತೆ. ಆದ್ರೆ ಆ 83ನ್ನ ಬಿಚ್ಚಿ ನೋಡಿ. ರಕ್ತಕಣದ ಒಂದು ಟೆಸ್ಟಿಗೇ 20ಕ್ಕಿಂತ ಜಾಸ್ತಿ ನಂಬರ್ ಬರುತ್ತೆ, ಅದನ್ನೆಲ್ಲ ಒಂದೊಂದು ಟೆಸ್ಟ್ ಅಂತ ಎಣಿಸಿರ್ತಾರೆ. ಹಾರ್ಮೋನ್ ಅಂತ ಇರೋದು ಸಾಮಾನ್ಯವಾಗಿ ಟಿ3, ಟಿ4, ಟಿಎಸ್‌ಎಚ್ ಅಷ್ಟೇ, ಕೆಲವದ್ರಲ್ಲಿ ಟೆಸ್ಟೋಸ್ಟಿರೋನ್.

ಇನ್ನೊಂದು ವಿಷ್ಯ, ಇದನ್ನ ಅಣ್ಣನಿಗೆ ಹೇಳಿದಾಗ ಅವ್ರು ಸ್ವಲ್ಪ ಹೊತ್ತು ಸುಮ್ನಾಗ್ಬಿಟ್ರು. ರಿಪೋರ್ಟಲ್ಲಿ "ನಾರ್ಮಲ್ ರೇಂಜ್" ಅಂತ ಬರೆದಿರೋದನ್ನ ಸಾಮಾನ್ಯವಾಗಿ ಆರೋಗ್ಯವಾಗಿರೋ ನೂರು ಜನರಲ್ಲಿ 95 ಜನ ಒಳಗೆ ಬರೋ ಹಾಗೆ ಕಟ್ಟಿರ್ತಾರೆ. ಅಂದ್ರೆ ಐದು ಜನ ಏನೂ ಕಾಯಿಲೆ ಇಲ್ದೇನೂ ಹೊರಗೆ. ಹಾಗಾಗಿ ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಒಟ್ಟಿಗೆ ಮಾಡಿದ್ರೆ ಗಟ್ಟಿಮುಟ್ಟಾದ ಮನುಷ್ಯನಿಗೂ ಒಂದಾದ್ರೂ ದಪ್ಪಕ್ಷರದಲ್ಲಿ ಬರೋ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಆ ಒಂದು ದಪ್ಪಕ್ಷರ ಹಿಡ್ಕೊಂಡು ಇನ್ನೂ ಮೂರು ಟೆಸ್ಟು, ಒಂದು ಸ್ಕ್ಯಾನು. 1,999 ಅಲ್ಲಿಗೇ ನಿಲ್ಲಲ್ಲ.

ಹೊತ್ತಿನ ಕಷ್ಟ ಬೇರೆ. ಆರರಿಂದ ಎಂಟರೊಳಗೆ ಬರ್ತೀವಿ ಅಂತ ಮೆಸೇಜ್ ಬರುತ್ತೆ, ಹುಡುಗ ಪಾಪ ಬೈಕಲ್ಲಿ ಹೊರಟಿರ್ತಾನೆ, ಮ್ಯಾಪು ಎಸ್ಟೇಟ್ ಗೇಟಲ್ಲೇ ನಿಂತೋಗುತ್ತೆ, ಅಲ್ಲಿಂದ ಮನೆ ಎರಡು ಕಿಲೋಮೀಟರ್ ಒಳಗೆ, ನೆಟ್‌ವರ್ಕ್ ಇಲ್ಲ, ಬಂದು ಮುಟ್ಟೋ ಹೊತ್ತಿಗೆ ಹನ್ನೊಂದು. ಕೊಲೆಸ್ಟ್ರಾಲಿಗೆ ಅದ್ರಿಂದ ಏನೂ ಆಗಲ್ಲ. ಟೆಸ್ಟೋಸ್ಟಿರೋನಿಗೆ ಆಗುತ್ತೆ. ಆಮೇಲೆ ಅವನು ಇನ್ನೂ ಐದು ಮನೆ ಸುತ್ತಿ ಹೋಗ್ಬೇಕು, ನಿಮ್ಮ ಟ್ಯೂಬು ಎಷ್ಟು ಹೊತ್ತಿಗೆ ಸೆಂಟ್ರಿಫ್ಯೂಜ್ ನೋಡುತ್ತೆ ಅಂತ ಕೇಳಿ. ಒಬ್ಬ ಒಳ್ಳೆ ಹುಡುಗ ಇದ್ರೆ ಸರಿಯಾಗಿ ಉತ್ತರ ಕೊಡ್ತಾನೆ. ಪೇಟೆ ಒಳಗೆ ಮನೆ ಇದ್ದು, ವಯಸ್ಸಾಗಿ ಓಡಾಡಕ್ಕೆ ಆಗದೋರಿದ್ರೆ ಈ ಮನೆ ಕಲೆಕ್ಷನ್ ನಿಜಕ್ಕೂ ಉಪಕಾರ, ಇಲ್ಲ ಅನ್ನಲ್ಲ.

ಸರ್ಕಾರಿ ಆಸ್ಪತ್ರೆ

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಜಿಲ್ಲಾ ಆಸ್ಪತ್ರೆ ಅದ್ರ ಜೊತೆಗೇ ಇದೆ, ಫಿಸಿಷಿಯನ್ನು ಹೆರಿಗೆ ಡಾಕ್ಟ್ರು ಎಲ್ಲ ಒಂದೇ ಜಾಗದಲ್ಲಿ ಸಿಗ್ತಾರೆ. ನನ್ನ ನಾಲ್ಕನೇ ಪ್ರಶ್ನೆಗೆ, ಯಾರು ಓದ್ತಾರೆ ಅನ್ನೋದಕ್ಕೆ, ಕಮ್ಮಿ ದುಡ್ಡಲ್ಲಿ ಸಿಗೋ ಒಳ್ಳೆ ಉತ್ತರ ಇದು. ಮೊದ್ಲು ಡಾಕ್ಟ್ರು ನೋಡಿ ಆಮೇಲೆ ಟೆಸ್ಟ್ ಬರೀತಾರೆ, ಆ ಕ್ರಮಾನೇ ಸರಿಯಾದ ಕ್ರಮ. ಕಷ್ಟ ಅಂದ್ರೆ ಓಪಿಡಿ ಸಾಲು, ಒಂದು ದಿನ ಪೂರ್ತಿ ಹೋಗುತ್ತೆ, ಮತ್ತೆ ರಿಪೋರ್ಟಿಗೆ ಇನ್ನೊಂದು ದಿನ. ಚೀಟಿ ಮಾಡಿಸಿ ಡಾಕ್ಟ್ರನ್ನ ನೋಡೋ ಹೊತ್ತಿಗೆ ಹನ್ನೆರಡಾಗಿರುತ್ತೆ, ಹಾಗಾಗಿ ಬೆಳಗಿನ ಹೊತ್ತೇ ಬೇಕಾಗೋ ಟೆಸ್ಟನ್ನ ಮಾರನೇ ದಿನ ಬಂದು ಕೊಡ್ಲಾ ಅಂತ ಅಲ್ಲೇ ಕೇಳ್ಬಿಡಿ. ಅಪರೂಪದ ಟೆಸ್ಟುಗಳು ಅಲ್ಲೇ ಆಗುತ್ತಾ, ಹೊರಗೆ ಮಾಡಿಸ್ಬೇಕಾ ಅಂತಾನೂ.

ಬಸುರಿ ಹೆಂಗಸರು ಮಾತ್ರ ಇದನ್ನ ಬಿಡ್ಬೇಡಿ. ಆಶಾ ಕಾರ್ಯಕರ್ತೆ ಹತ್ರ ಹೇಳಿದ್ರೆ ದಾರಿ ತೋರಿಸ್ತಾರೆ. ಬಸುರಿಯಲ್ಲಿ ಟಿಎಸ್‌ಎಚ್ ರೇಂಜೇ ಬೇರೆ, ಮೊದಲ ಮೂರು ತಿಂಗಳಲ್ಲಿ ಅದು ಕೆಳಗಿರ್ಬೇಕು, ಸಾಮಾನ್ಯ ರಿಪೋರ್ಟಲ್ಲಿ "ನಾರ್ಮಲ್" ಅಂತ ಬಂದಿದ್ದೂ ಅಲ್ಲಿ ಜಾಸ್ತಿ ಆಗಿರ್ಬಹುದು.

ಸೀದಾ ಮೈಸೂರು

ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್ ಹತ್ರ, ಸಂಪಾಜೆ ಕಡೆಯೋರು ಮಂಗಳೂರಿಗೆ ಇಳೀತಾರೆ. ಅಲ್ಲಿ ಹಾರ್ಮೋನಿಗೇ ಅಂತ ಓದಿರೋ ಡಾಕ್ಟ್ರು ಸಿಗ್ತಾರೆ, ಎಂಡೋಕ್ರೈನಾಲಜಿಸ್ಟ್ ಅಂತ ಬೋರ್ಡ್ ಇರುತ್ತೆ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಫ್ರೀ ಆದ್ಮೇಲೆ ಹೋಗ್ಬರೋ ಖರ್ಚು ಕಮ್ಮಿ ಆಗಿದೆ, ಫೀಸು ಮತ್ತು ಒಂದು ದಿನ ಮಾತ್ರ ಹೋಗುತ್ತೆ. ಆದ್ರೆ ಬೆಳಿಗ್ಗೆ ಐದೂವರೆ ಬಸ್ಸಲ್ಲಿ ಕೂತು ಸುಸ್ತಾಗಿ ಹತ್ತು ಗಂಟೆಗೆ ಮುಟ್ಟಿ, ಹನ್ನೆರಡಕ್ಕೆ ಡಾಕ್ಟ್ರನ್ನ ನೋಡಿ, ಒಂದು ಗಂಟೆಗೆ ಕಾರ್ಟಿಸಾಲಿಗೆ ರಕ್ತ ಕೊಟ್ರೆ ಅದು ಬೆಳಗಿನ ಕಾರ್ಟಿಸಾಲ್ ಅಲ್ಲ ನೋಡಿ.

ನಂಗೆ ಎಲ್ಲಕ್ಕಿಂತ ಸರಿ ಅನ್ಸೋದು ಬೆರಕೆ ದಾರಿ. ಡಾಕ್ಟ್ರು ಅಲ್ಲಿ, ರಕ್ತ ಇಲ್ಲಿ. ಒಂದ್ಸಲ ಹೋಗಿ ತೋರಿಸಿ, ಯಾವ ಟೆಸ್ಟು ಯಾವ ಹೊತ್ತು ಅಂತ ಚೀಟಿಯಲ್ಲಿ ಬರೆಸ್ಕೊಂಡು ಬಂದು, ಊರಲ್ಲಿ ಸರಿಯಾದ ದಿನ ಸರಿಯಾದ ಹೊತ್ತಿಗೆ ರಕ್ತ ಕೊಟ್ಟು, ರಿಪೋರ್ಟನ್ನ ಫೋನಲ್ಲಿ ಕಳಿಸೋದು. ಎಷ್ಟೋ ಡಾಕ್ಟ್ರು ಒಪ್ತಾರೆ. ಅಷ್ಟೂ ಆಗಲ್ಲ ಅನ್ನೋರಿಗೆ ಸರ್ಕಾರದ ಇ-ಸಂಜೀವಿನಿ ಇದೆ, ವೀಡಿಯೊದಲ್ಲಿ ಡಾಕ್ಟ್ರ ಹತ್ರ ಮಾತಾಡೋದು, ಫ್ರೀ.

ಕೆಲವಕ್ಕೆ ಮಾತ್ರ ಊರಿನ ಲ್ಯಾಬ್ ಬೇಡವೇ ಬೇಡ. ಎಸಿಟಿಎಚ್ ಅಂತ ಒಂದಿದೆ, ಅಡ್ರಿನಲ್ಲನ್ನ ಎಬ್ಬಿಸೋ ಪಿಟ್ಯುಟರಿ ಹಾರ್ಮೋನು, ರಕ್ತ ತೆಗೆದ ಕೂಡ್ಲೇ ಐಸಲ್ಲಿ ಇಟ್ಟು ಬೇಗ ತಿರುಗಿಸ್ಬೇಕು, ಇಲ್ಲಾಂದ್ರೆ ಹಾಳು, ಅದನ್ನ ದೊಡ್ಡ ಆಸ್ಪತ್ರೆಯಲ್ಲೇ ಕೊಡಿ. ಎಂಟು ವರ್ಷಕ್ಕಿಂತ ಮುಂಚೆ ಹೆಣ್ಣುಮಗುವಿಗೆ, ಒಂಬತ್ತಕ್ಕಿಂತ ಮುಂಚೆ ಗಂಡುಮಗುವಿಗೆ ಪ್ರಾಯದ ಲಕ್ಷಣ ಶುರುವಾದ್ರೆ, ಮಗು ಎತ್ತರ ಬೆಳೀದೆ ನಿಂತ್ರೆ, ತಲೆನೋವಿನ ಜೊತೆ ಪಕ್ಕದ ದೃಷ್ಟಿ ಮಂಜಾದ್ರೆ, ಬಸುರಿನೂ ಬಾಣಂತಿನೂ ಅಲ್ದೆ ಎದೆಹಾಲು ಬಂದ್ರೆ ಲ್ಯಾಬ್ ಸುತ್ತೋದೆಲ್ಲ ಬಿಟ್ಟು ಸೀದಾ ಡಾಕ್ಟ್ರು.

ಥೈರಾಯ್ಡಲ್ಲಿ ಯಾವುದು: ಬರೀ ಟಿಎಸ್‌ಎಚ್, ಮೂರೂ, ಇಲ್ಲಾ ಫ್ರೀ ಟಿ4?

ಜಾಸ್ತಿ ಜನ ಕೇಳೋದು ಇದನ್ನೇ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ.

ಟಿಎಸ್‌ಎಚ್ ಥೈರಾಯ್ಡಿನ ಹಾರ್ಮೋನ್ ಅಲ್ಲ, ಪಿಟ್ಯುಟರಿದು. ಎಸ್ಟೇಟ್ ಲೆಕ್ಕದಲ್ಲಿ ಹೇಳೋದಾದ್ರೆ ಅದು ರೈಟರ್ ಕೂಗೋ ಕೂಗು. ಆಳುಗಳು ಕೆಲ್ಸ ನಿಧಾನ ಮಾಡಿದ್ರೆ ರೈಟರ್ ಜೋರಾಗಿ ಕೂಗ್ತಾನೆ, ಅಂದ್ರೆ ಥೈರಾಯ್ಡ್ ಕಮ್ಮಿಯಾದ್ರೆ ಟಿಎಸ್‌ಎಚ್ ಮೇಲೆ. ಆಳುಗಳು ಬೇಕಾದ್ದಕ್ಕಿಂತ ಜಾಸ್ತಿ ಓಡ್ತಿದ್ರೆ ರೈಟರ್ ಬಾಯಿ ಮುಚ್ಕೊಂಡು ಕೂರ್ತಾನೆ, ಟಿಎಸ್‌ಎಚ್ ಕೆಳಗೆ. ಅದಕ್ಕೇ ಇದು ಉಲ್ಟಾ ಓದೋ ಟೆಸ್ಟು. ದೊಡ್ಡೋರಿಗೆ ಸುಮಾರು 0.4ರಿಂದ 4ರ ಆಸುಪಾಸು ಸಾಮಾನ್ಯ, ನಿಮ್ಮ ರಿಪೋರ್ಟಲ್ಲಿರೋ ರೇಂಜನ್ನೇ ನೋಡಿ, ವಯಸ್ಸಾದೋರಿಗೆ ಸ್ವಲ್ಪ ಮೇಲಿದ್ರೂ ಗಾಬರಿ ಬೇಡ.

ಸುಸ್ತು, ಕೂದ್ಲು, ಮಲಬದ್ಧತೆ, ಚಳಿ ತಡೆಯಕ್ಕಾಗ್ದೆ ಇರೋದು (ನಮ್ಮೂರಲ್ಲಿ ಜುಲೈ ತಿಂಗಳಲ್ಲಿ ಇದನ್ನ ಹೇಳಕ್ಕೆ ಹೋಗ್ಬೇಡಿ, ಎಲ್ರಿಗೂ ಚಳಿನೇ), ಇಷ್ಟಕ್ಕೆ ಮೊದಲ ಹೆಜ್ಜೆ ಬರೀ ಟಿಎಸ್‌ಎಚ್ ಸಾಕು. ಅದು ಸರಿ ಇದ್ರೆ ಬಹಳಷ್ಟು ಜನರಿಗೆ ಥೈರಾಯ್ಡ್ ಪುಸ್ತಕ ಮುಚ್ಚಿದಂಗೆ. ಹೆಚ್ಚುಕಮ್ಮಿ ಇದ್ರೆ ಆಗ ಫ್ರೀ ಟಿ4 ಮಾಡಿಸಿ (ಪುಕ್ಕಟೆ ಅಂತಲ್ಲ, ಪ್ರೋಟೀನಿಗೆ ಅಂಟ್ಕೊಳ್ದೆ ಬಿಡಿಯಾಗಿರೋ ಟಿ4). ಟೋಟಲ್ ಟಿ4ಗಿಂತ ಫ್ರೀ ಯಾಕೆ ಅಂದ್ರೆ, ಬಸುರಿಯಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳೋರಲ್ಲಿ ಹಾರ್ಮೋನನ್ನ ಹೊತ್ತು ತಿರುಗೋ ಪ್ರೋಟೀನೇ ಜಾಸ್ತಿಯಾಗಿ ಟೋಟಲ್ ಸುಮ್ಸುಮ್ನೆ ಮೇಲೆ ಕಾಣುತ್ತೆ. ಬೆಲೆ ಸ್ವಲ್ಪ ಜಾಸ್ತಿ, ಆದ್ರೂ ಅರ್ಥ ಇದೆ. ಟಿ3 ಬೇಕಾಗೋದು ಥೈರಾಯ್ಡ್ ಜಾಸ್ತಿ ಆಗಿದೆ ಅನ್ನೋ ಅನುಮಾನಕ್ಕೆ, ಎದೆ ಡವಡವ, ಕೈ ನಡುಕ, ಊಟ ಮಾಡಿದ್ರೂ ತೂಕ ಇಳಿಯೋದು.

ಬರೀ ಟಿಎಸ್‌ಎಚ್ ಮೋಸ ಮಾಡೋ ಜಾಗ ಒಂದಿದೆ, ರೈಟರ್‌ಗೇ ಹುಷಾರಿಲ್ದಿದ್ರೆ. ಪಿಟ್ಯುಟರಿಗೇ ತೊಂದ್ರೆ ಇದ್ರೆ ಥೈರಾಯ್ಡ್ ಕಮ್ಮಿ ಇದ್ರೂ ಕೂಗು ಏಳಲ್ಲ, ಟಿಎಸ್‌ಎಚ್ ನಾರ್ಮಲ್ ಅಂತಾನೇ ಬರ್ಬಹುದು. ಅಪರೂಪ. ಹೆರಿಗೆಯಲ್ಲಿ ತುಂಬ ರಕ್ತ ಹೋದೋರು, ತಲೆಗೆ ಜೋರಾಗಿ ಪೆಟ್ಟಾದೋರು ಡಾಕ್ಟ್ರಿಗೆ ಅದನ್ನ ಮರೀದೆ ಹೇಳಿ.

ಆಂಟಿ ಟಿಪಿಓ ಅನ್ನೋದು ಕಾರಣ ಹುಡುಕೋ ಟೆಸ್ಟು, ದೇಹವೇ ಥೈರಾಯ್ಡ್ ಮೇಲೆ ಬಿದ್ದಿದೆಯಾ ಅಂತ. ಟಿಎಸ್‌ಎಚ್ ಸ್ವಲ್ಪ ಮೇಲಿದ್ದು ಟಿ4 ಸರಿ ಇದ್ದಾಗ ಮುಂದೆ ಏರುತ್ತಾ ಅಂತ ಅಂದಾಜು ಮಾಡಕ್ಕೆ ಒಂದ್ಸಲ ಸಾಕು, ಪ್ರತಿ ವರ್ಷ ಮಾಡಿಸೋದು ದುಡ್ಡು ದಂಡ. ಇನ್ನು ಟಿಎಸ್‌ಎಚ್ 6, 7 ಅಂತ ಮೊದಲ ಸಲ ಬಂದ ಕೂಡ್ಲೇ ಮಾತ್ರೆಗೆ ಓಡ್ಬೇಡಿ, ಬಸುರಿ ಅಲ್ದೇ ಇದ್ರೆ ಎರಡು ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋದು ವಾಡಿಕೆ, ಎಷ್ಟೋ ಸಲ ತಾನೇ ಇಳಿದಿರುತ್ತೆ.

ಮಾತ್ರೆ ತಗೊಳ್ಳೋರಿಗೆ ಒಂದು ಮಾತು, ಇದು ನನ್ನದೇ ತಪ್ಪು. ನಮ್ಮನೇಲಿ ಎದ್ದ ಕೂಡ್ಲೇ ಒಲೆ ಮೇಲೆ ಬೆಲ್ಲದ ಕಾಫಿ. ನಾನು ವರ್ಷಗಟ್ಟಲೆ ಥೈರಾಯ್ಡ್ ಮಾತ್ರೆ ಬಾಯಿಗೆ ಹಾಕಿ ಆ ಕಾಫಿಯಲ್ಲೇ ನುಂಗ್ತಿದ್ದೆ, ಟಿಎಸ್‌ಎಚ್ ಇಳೀದೇ ಇಲ್ಲ, ಡೋಸ್ ಏರಿಸ್ತಾನೇ ಹೋದ್ರು. ಕಾಫಿ ಆ ಮಾತ್ರೆಯನ್ನ ಹೀರಕ್ಕೆ ಬಿಡಲ್ಲ. ನೀರಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಕ್ಕೆ ಶುರು ಮಾಡಿದ್ಮೇಲೆ ಡೋಸ್ ಮತ್ತೆ ಇಳಿಸ್ಬೇಕಾಯ್ತು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ. ಡೋಸ್ ಬದಲಾಯಿಸಿದ್ರೆ ಆರರಿಂದ ಎಂಟು ವಾರ ಆಗ್ದೆ ಟಿಎಸ್‌ಎಚ್ ಮಾಡಿಸ್ಬೇಡಿ. ಟೆಸ್ಟ್ ದಿನ ಮೊದ್ಲು ರಕ್ತ, ಆಮೇಲೆ ಮಾತ್ರೆ.

ಕಾಫಿ ವಿಷ್ಯ ಬಂತು ಅಂತ ಇದನ್ನೂ ಹೇಳ್ತೀನಿ, ಥೈರಾಯ್ಡಿಗೆ ಉಪವಾಸ ಬೇಕಾಗಿಲ್ಲ. ಆದ್ರೆ ಜೊತೆಗೆ ಫಾಸ್ಟಿಂಗ್ ಶುಗರ್ ಇದ್ರೆ ಬೇಕು. "ಏನೂ ತಿಂದಿಲ್ಲ, ಬರೀ ಕಾಫಿ" ಅಂತಾರೆ ನಮ್ಮೋರು. ಬೆಲ್ಲ ಹಾಕಿದ ಕಾಫಿ ಕುಡಿದ್ರೆ ಅದು ಫಾಸ್ಟಿಂಗ್ ಅಲ್ಲ ಕಣ್ರೀ. ದಿನಕ್ಕೆ ನಾಲ್ಕು ಜನರನ್ನಾದ್ರೂ ಈ ಒಂದು ಕಾಫಿಗೆ ವಾಪಸ್ ಕಳಿಸ್ತಿದ್ದೆ.

ಇನ್ನೊಂದು ಕಳ್ಳ ಅಂದ್ರೆ ಕೂದಲಿನ ಮಾತ್ರೆ. ಅದ್ರಲ್ಲಿ ಬಯೋಟಿನ್ ಅನ್ನೋ ವಿಟಮಿನ್ ಇರುತ್ತೆ, ಕೆಲವು ಮೆಷಿನಿನ ಲೆಕ್ಕವನ್ನೇ ಅದು ತಲೆಕೆಳಗೆ ಮಾಡುತ್ತೆ, ಟಿಎಸ್‌ಎಚ್ ಕಮ್ಮಿ, ಟಿ4 ಜಾಸ್ತಿ ಅಂತ ಸುಳ್ಳು ಬರುತ್ತೆ. ಕೂದ್ಲು ಉದುರುತ್ತೆ ಅಂತ ಮಾತ್ರೆ ತಿಂದು, ಕೂದ್ಲು ಉದುರುತ್ತೆ ಅಂತಾನೇ ಥೈರಾಯ್ಡ್ ಟೆಸ್ಟಿಗೆ ಬರೋರೇ ಜಾಸ್ತಿ ನೋಡಿ. ಎರಡು ಮೂರು ದಿನ ನಿಲ್ಲಿಸಿ ಬನ್ನಿ. ಅತ್ತಿಗೆಗೆ ಕೇಳಿದೆ, ಇದ್ದೇ ಇತ್ತು, ಒಂದೂವರೆ ತಿಂಗಳಿಂದ ತಗೋತಿದ್ರಂತೆ.

ಮುಟ್ಟು, ಪಿಸಿಓಎಸ್, ಪ್ರೊಲ್ಯಾಕ್ಟಿನ್

ಮದುವೆಯಾದ ಹೆಂಗಸ್ರಿಗೆ ಮುಟ್ಟು ನಿಂತ್ರೆ ಸಾವಿರ ರೂಪಾಯಿ ಪ್ರೊಫೈಲಿಗೆ ಮುಂಚೆ ಮೆಡಿಕಲ್ ಶಾಪಿನ ಪ್ರೆಗ್ನೆನ್ಸಿ ಕಿಟ್ಟು. ನಗ್ಬೇಡಿ, ಪೂರ್ತಿ ಪ್ರೊಫೈಲ್ ಮಾಡಿಸಿ ಆಮೇಲೆ ಸಿಹಿ ಹಂಚಿದೋರಿದ್ದಾರೆ.

ಪಿಸಿಓಎಸ್ಸಿಗೆ (ಪಿಸಿಓಡಿ ಅಂತಾರಲ್ಲ, ಅದೇ) ಇದೇ ಅಂತ ಒಂದು ಟೆಸ್ಟ್ ಇಲ್ಲ. 2003ರಿಂದ ಡಾಕ್ಟ್ರು ನೋಡೋದು ಮೂರು ವಿಷ್ಯ: ಮುಟ್ಟು ಏರುಪೇರು, ಗಂಡು ಹಾರ್ಮೋನ್ ಜಾಸ್ತಿ ಇರೋ ಲಕ್ಷಣ (ಗದ್ದದ ಮೇಲೆ ಒರಟು ಕೂದ್ಲು, ಜೋರು ಮೊಡವೆ, ಇಲ್ಲಾ ರಕ್ತದಲ್ಲಿ), ಸ್ಕ್ಯಾನಲ್ಲಿ ಅಂಡಾಶಯದ ಚಿತ್ರ. ಮೂರರಲ್ಲಿ ಎರಡಿದ್ದು, ಬೇರೆ ಕಾರಣ ಇಲ್ಲ ಅಂತಾದ್ಮೇಲೆ ಆ ಹೆಸರು. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ದೊಡ್ಡೋರಿಗೆ ಸ್ಕ್ಯಾನ್ ಬದ್ಲು ಎಎಂಎಚ್ ಅನ್ನೋ ರಕ್ತ ಪರೀಕ್ಷೆನೂ ಆಗುತ್ತೆ ಅಂತ ಸೇರಿಸಿದ್ರು, ಆದ್ರೆ ಅದು ದುಬಾರಿ. ಮೊದಲ ಎರಡು ಇರೋರಿಗೆ ಸ್ಕ್ಯಾನೂ ಬೇಡ ಎಎಂಎಚ್ಚೂ ಬೇಡ. ಎಷ್ಟು ದುಡ್ಡು ಉಳೀತು ನೋಡಿ.

ಹುಡುಗೀರ ವಿಷ್ಯದಲ್ಲಿ ಇನ್ನೂ ಹುಷಾರು. ದೊಡ್ಡವಳಾಗಿ ಎಂಟು ವರ್ಷದವರೆಗೆ ಸ್ಕ್ಯಾನಲ್ಲಿ ಸಣ್ಣ ಸಣ್ಣ ಗುಳ್ಳೆ ಕಾಣೋದು ಸಹಜ, ಅದನ್ನ ನೋಡಿ ಪಿಸಿಓಎಸ್ ಅನ್ನಕ್ಕಾಗಲ್ಲ, ಎಎಂಎಚ್ ಕೂಡ ಆ ವಯಸ್ಸಿಗೆ ಲೆಕ್ಕಕ್ಕಿಲ್ಲ. ನನ್ನ ಕ್ಲಾಸ್‌ಮೇಟ್‌ಗೆ ಹೇಳಿದ್ದು ಇಷ್ಟು: "ಸ್ಕ್ಯಾನ್ ಬಿಡೇ, ಮೊದ್ಲು ಹೆಂಗಸರ ಡಾಕ್ಟ್ರಿಗೆ ತೋರ್ಸು. ಅವ್ರು ಬರೆಯೋದು ಹೆಚ್ಚುಕಮ್ಮಿ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟಿರೋನ್, 17-ಓಎಚ್ ಪ್ರೊಜೆಸ್ಟಿರೋನ್, ಶುಗರ್ ಇರುತ್ತೆ." ಆ 17-ಓಎಚ್‌ಪಿ (ತೊಂದ್ರೆ ಅಡ್ರಿನಲ್‌ದಾ ಅಂತ ನೋಡೋದು) ಬೆಳಿಗ್ಗೆನೇ ಆಗ್ಬೇಕು, ಮುಟ್ಟು ಬರ್ತಿರೋರಿಗೆ ಎರಡರಿಂದ ಐದನೇ ದಿನದೊಳಗೆ. ಎಫ್‌ಎಸ್‌ಎಚ್, ಎಲ್‌ಎಚ್ ಬರೆದಿದ್ರೆ ಅದಕ್ಕೂ ಆ ದಿನಗಳೇ. ಪ್ರೊಜೆಸ್ಟಿರೋನ್ ಮಾತ್ರ ಉಲ್ಟಾ, ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ. "ಎಲ್ಲಾ ಒಂದೇ ದಿನ ತೆಗೀರಿ, ಮತ್ತೆ ಮತ್ತೆ ಬರಕ್ಕಾಗಲ್ಲ" ಅಂತಾರಲ್ಲ, ಹಾಗೆ ತೆಗೆದ್ರೆ ಒಂದು ಖಂಡಿತ ವೇಸ್ಟು. ಗರ್ಭನಿರೋಧಕ ಮಾತ್ರೆ ತಗೊಳ್ತಿರುವಾಗ್ಲಂತೂ ಇವ್ಯಾವೂ ಸರಿಯಾಗಿ ಬರಲ್ಲ.

45 ದಾಟಿ, ಮುಟ್ಟು ಹಿಂದೆಮುಂದೆ ಆಗಿ, ಮೈ ಕಾವೇರಿ ಬೆವರ್ತಿದ್ರೆ ಎಫ್‌ಎಸ್‌ಎಚ್ ಮಾಡಿಸಿ ತಿಳ್ಕೊಳ್ಳೋದು ಏನೂ ಇಲ್ಲ, ಲಕ್ಷಣದಲ್ಲೇ ಗೊತ್ತಾಗುತ್ತೆ.

ಪ್ರೊಲ್ಯಾಕ್ಟಿನ್ ಬಗ್ಗೆ ಒಬ್ರ ಕಥೆ ಹೇಳ್ಲೇಬೇಕು. ಬಂದಿದ್ದು 70ರ ಹತ್ರ, ಹೆಂಗಸರಿಗೆ 25ರವರೆಗೆ ಸಾಮಾನ್ಯ. ಮನೇಲಿ ಅಳು, ಯಾರೋ ತಲೆಯಲ್ಲಿ ಗಡ್ಡೆ ಅಂತ ಹೆದರಿಸಿದ್ರು, ಎಂಆರ್‌ಐಗೆ ದುಡ್ಡು ಹೊಂದಿಸ್ತಿದ್ರು. ಮೈಸೂರಿನ ಡಾಕ್ಟ್ರು ಕೇಳಿದ್ದು ಒಂದೇ ಪ್ರಶ್ನೆ, ಗ್ಯಾಸಿಗೆ ಮಾತ್ರೆ ತಗೋತೀರಾ? ಬ್ಯಾಗಿಂದ ಸ್ಟ್ರಿಪ್ ತೆಗೆದು ತೋರಿಸಿದ್ರಂತೆ, ಡೊಂಪೆರಿಡೋನ್ ಸೇರಿದ್ದು, ದಿನಾ ಒಂದು. ಅದು ಪ್ರೊಲ್ಯಾಕ್ಟಿನನ್ನ ಏರಿಸುತ್ತೆ. ನಿಲ್ಲಿಸಿ ಕೆಲವು ದಿನ ಬಿಟ್ಟು ಮಾಡಿದಾಗ 14. ವಾಂತಿ ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಮಾತ್ರೆನೂ ಹಾಗೇ (ಅವನ್ನ ಡಾಕ್ಟ್ರನ್ನ ಕೇಳ್ದೆ ನಿಲ್ಲಿಸ್ಬೇಡಿ). ಹೆದ್ರಿಕೆಗೂ ಏರುತ್ತೆ, ಅದಕ್ಕೇ ಬಸ್ಸಿಂದ ಇಳಿದು ಓಡಿ ಬಂದೋರನ್ನ ನಾನು ಅರ್ಧ ಗಂಟೆ ಬೆಂಚಲ್ಲಿ ಕೂರಿಸಿ ಆಮೇಲೆ ಸೂಜಿ ಹಾಕ್ತಿದ್ದೆ.

ಗಂಡಸರದ್ದು, ಮತ್ತೆ ಆ ಕಾರ್ಟಿಸಾಲು

ಟೆಸ್ಟೋಸ್ಟಿರೋನ್ ಬೆಳಿಗ್ಗೆ ಏಳರಿಂದ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಕಮ್ಮಿ ಬಂದ್ರೆ ಇನ್ನೊಂದು ದಿನ ಮತ್ತೊಂದ್ಸಲ. ಒಂದೇ ರಿಪೋರ್ಟ್ ನೋಡಿ ಇಂಜೆಕ್ಷನ್ ಶುರು ಮಾಡೋರ ಹತ್ರ ಹೋಗ್ಬೇಡಿ. ಸುಸ್ತು, ತೂಕಕ್ಕೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) ಮೊದ್ಲು ಬರ್ಬೇಕು, 5.7ರಿಂದ 6.4 ಗಡಿ, 6.5 ಮುಟ್ಟಿದ್ರೆ ಡಯಾಬಿಟಿಸ್ ಲೆಕ್ಕ, ಇದಕ್ಕೆ ಉಪವಾಸ ಬೇಡ. ರಕ್ತಹೀನತೆ ಇದ್ರೆ ಆ ನಂಬರ್ ಆಚೀಚೆ ಆಗುತ್ತೆ, ಅದ್ರ ಜೊತೆ ಫಾಸ್ಟಿಂಗೂ ನೋಡಿ.

ಸ್ಟ್ರೆಸ್ ಹಾರ್ಮೋನ್ ಅಂತ ಕಾರ್ಟಿಸಾಲ್ ಮಾರ್ತಾರಲ್ಲ, ಮನಸ್ಸಿನ ಒತ್ತಡ ಅಳೆಯಕ್ಕೆ ಅದು ಆಗಲ್ಲ. ನಿಜವಾಗ್ಲೂ ಕಾರ್ಟಿಸಾಲ್ ಜಾಸ್ತಿ ಅನ್ನೋ ಅನುಮಾನ ಇದ್ರೆ ರಾತ್ರಿ ಹನ್ನೊಂದಕ್ಕೆ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ 1 ಮಿಲಿಗ್ರಾಂ ಕೊಟ್ಟು ಬೆಳಿಗ್ಗೆ ಎಂಟಕ್ಕೆ ರಕ್ತ ನೋಡ್ತಾರೆ, ಇಲ್ಲಾ 24 ಗಂಟೆಯ ಮೂತ್ರ ಕ್ಯಾನಲ್ಲಿ ಹಿಡೀತಾರೆ. ಡಾಕ್ಟ್ರು ಬರೆದ್ರೆ ಇವೆರಡೂ ಊರಲ್ಲೇ ಆಗುತ್ತೆ. ಮಂಡಿನೋವಿಗೆ ಹೆಸರಿಲ್ಲದ ಪುಡಿ ತಿಂದು ಮುಖ ದುಂಡಗಾದೋರು ಆ ಪುಡಿಯನ್ನೇ ತಗೊಂಡು ಡಾಕ್ಟ್ರ ಹತ್ರ ಹೋಗಿ. ಅಂಥದ್ರಲ್ಲಿ ಸ್ಟೀರಾಯ್ಡ್ ಬೆರೆಸಿರೋದುಂಟು, ಹಾಗಂತ ಒಮ್ಮೆಲೇ ನಿಲ್ಲಿಸೋದೂ ಅಪಾಯ.

ಕೊನೆಗೆ ಆ ಮೂರು ಜನ

ಅತ್ತಿಗೆ ಕೂದಲಿನ ಮಾತ್ರೆ ಮೂರು ದಿನ ಬಿಟ್ಟು ಸುಂಟಿಕೊಪ್ಪದಲ್ಲೇ ಟಿಎಸ್‌ಎಚ್ ಮತ್ತೆ ಹಿಮೋಗ್ಲೋಬಿನ್ ಮಾಡಿಸಿದ್ರು, ಎರಡೂ ಸೇರಿ 500ರೊಳಗೆ. ಟಿಎಸ್‌ಎಚ್ 2.8, ಹಿಮೋಗ್ಲೋಬಿನ್ 9. ಹಾರ್ಮೋನೇ ಅಲ್ಲ, ರಕ್ತ ಕಮ್ಮಿ, ಈಗ ಅದಕ್ಕೆ ಡಾಕ್ಟ್ರನ್ನ ನೋಡ್ತಿದ್ದಾರೆ.

ಕ್ಲಾಸ್‌ಮೇಟ್ ಮಗಳನ್ನ ಕರ್ಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗ್ತಾಳಂತೆ, ಕಾಲೇಜಿಗೆ ರಜ ಇರೋ ದಿನ ನೋಡಿ. ಅವಳ ಮನೇಲಿ ದುಡ್ಡಿಗೇನೂ ಕಷ್ಟ ಇಲ್ಲ, ಮೈಸೂರಿಗೇ ಹೋಗ್ಬಹುದಿತ್ತು, ಆದ್ರೆ ಈ ಹಂತಕ್ಕೆ ಹತ್ರದಲ್ಲಿ ಒಬ್ಬ ಹೆಂಗಸು ಡಾಕ್ಟ್ರು ತಿಂಗಳು ತಿಂಗಳು ನೋಡೋದು ಮುಖ್ಯ, ದೂರದ ಸ್ಪೆಷಲಿಸ್ಟ್ ಆಮೇಲೆ ಬೇಕಾದ್ರೆ ಇದ್ದೇ ಇದ್ದಾರೆ.

ರೈಟರ್ ಅಣ್ಣ 1,999 ಕಟ್ಟೇಬಿಟ್ರು. ಸರಿ, ಶುಗರ್ ಕೊಲೆಸ್ಟ್ರಾಲ್ ಅಂತೂ ಇದುವರೆಗೂ ನೋಡಿರಲಿಲ್ಲ, 52 ವರ್ಷಕ್ಕೆ ಅದು ಒಳ್ಳೇದೇ. ಟೆಸ್ಟೋಸ್ಟಿರೋನ್ ಸಾಲನ್ನ ಮಾತ್ರ ನೋಡ್ಬೇಡಿ, ಫಾಸ್ಟಿಂಗ್ ಶುಗರ್ ಅಂತಿದ್ರೆ ಅದನ್ನೂ ನಂಬ್ಬೇಡಿ ಅಂದಿದ್ದೀನಿ, ಹುಡುಗ ಬಂದಿದ್ದು ಹತ್ತು ಮುಕ್ಕಾಲಿಗೆ, ಅಷ್ಟೊತ್ತಿಗೆ ಅಣ್ಣನದ್ದು ಎರಡು ಕಾಫಿ ಆಗಿತ್ತು.

ರಿಪೋರ್ಟ್ ಬಂದ್ಮೇಲೆ ಫೋಟೋ ತೆಗೆದು ಇಟ್ಕೊಳ್ಳಿ, ರಕ್ತ ಕೊಟ್ಟ ಗಂಟೆ ಮತ್ತೆ ಮುಟ್ಟಿನ ಎಷ್ಟನೇ ದಿನ ಅಂತ ಪೆನ್ನಲ್ಲಿ ಮೂಲೆಗೆ ಬರೀರಿ. ಕಾಗದವನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಅಟ್ಟದ ಮೇಲೆ, ಒಲೆ ಶಾಖ ತಾಗೋ ಜಾಗದಲ್ಲಿಡಿ. ಬೀರು ಒಳಗಿಟ್ರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ಟಿಎಸ್‌ಎಚ್ 3ಆ 8ಆ ಅಂತ ಗೊತ್ತಾಗಲ್ಲ, ನಂದು ಎರಡು ವರ್ಷದ್ದು ಹಾಗೇ ಹೋಗಿದೆ.